ಟಿ.ವಿ. ಕಡೆ ನೋಡದೆ ‘ಮಾಲ್ಗುಡಿ ಡೇಸ್’ ಕೇಳಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡಿಸಿದರೆ ಜನ ಬೆಳಗಿನ ಜಾವದ ತನಕ ಕದಲುವುದಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದೇ. ದುರ್ಯೋಧನ ಕಂದಪದ್ಯವನ್ನು ಮೇಲಕ್ಕೆ ಎಳೆದಾಗ ಹಾರ್ಮೋನಿಯಂ ಮೇಷ್ಟ್ರು ಹೇಗೆ ಬೆನ್ನಿಗೆ ನಿಲ್ಲುತ್ತಾರೆ ಎಂಬುದರ ಮೇಲೆಯೇ ಜನರ ಕಿವಿ. ಆ ಕಿವಿಯನ್ನು ಧಾರಾವಾಹಿಗೂ ಕೊಡಬಹುದು.

ಶುರುವಿಗೆ ‘ಮಾಲ್ಗುಡಿ ಡೇಸ್’ ಆರಿಸಿಕೊಳ್ಳಿ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು, ಸಂಗೀತ ಎಲ್. ವೈದ್ಯನಾಥನ್ ಅವರದು. ಈಗಿನ ದಿನವಹಿ ಧಾರಾವಾಹಿಗಳು ಈ ಅಭ್ಯಾಸಕ್ಕೆ ಒಗ್ಗುವುದಿಲ್ಲ. ಅತ್ತೆ, ಸೊಸೆ, ಮಾವ ಮೂವರ ಮುಖಕ್ಕೂ ಒಂದೇ ಢಂಕಾರ ಬಡಿದರೆ ಕೇಳುವುದಕ್ಕೆ ಉಳಿಯುವುದೇನು?

ಮೊದಲು ಶೀರ್ಷಿಕೆ ಸಂಗೀತ. ತೆರೆಯ ಮೇಲೆ ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು ಬರುತ್ತಿರುತ್ತವೆ, ಕಣ್ಣು ಅತ್ತ ಹೋಗುತ್ತದೆ. ಅದಕ್ಕೇ ಮೊಬೈಲನ್ನು ಬೋರಲು ಹಾಕಿ. ಸ್ಪೀಕರ್ ಬೇಡ, ಇಯರ್‌ಫೋನ್ ಇರಲಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸ್ವರಗಳು ಕೇಳುವುದೇ ಇಲ್ಲ. ಡೇಟಾ ಉಳಿಸಬೇಕಿದ್ದರೆ ಚಿತ್ರದ ಗುಣಮಟ್ಟವನ್ನು 144ಕ್ಕೆ ಇಳಿಸಿ, ಹೇಗೂ ನೋಡುವುದಿಲ್ಲವಲ್ಲ. ಸಾಹಿತ್ಯವಿಲ್ಲದ ಆ ‘ತಾನನ’ ಒಂದು ಸುತ್ತು ಮುಗಿಯುವಾಗ ದನಿಯನ್ನು ಬಿಟ್ಟು ಹಿಂದಿನ ವಾದ್ಯಗಳನ್ನಷ್ಟೇ ಹಿಂಬಾಲಿಸಿ. ಮುಂದಿನ ಸುತ್ತಿಗೆ ತೊಡೆಯ ಮೇಲೆ ತಾಳ ಹಾಕಿ.

ಆಮೇಲೆ ಪೂರ್ತಿ ಕಂತು. ಕಥೆ ತಿಳಿದುಕೊಳ್ಳಲು ಒಮ್ಮೆ ಸುಮ್ಮನೆ ನೋಡಿಬಿಡಿ. ಎರಡನೆಯ ಸಲ ನೋಟ್‌ಬುಕ್ ಹಿಡಿದು ಸಂಗೀತ ಶುರುವಾದ ನಿಮಿಷ, ನಿಂತ ನಿಮಿಷ ಗುರುತು ಹಾಕಿ. ನಿಂತ ಜಾಗದಲ್ಲೇ ಹೆಚ್ಚು ಗಮನವಿರಲಿ: ಸ್ವಾಮಿ ಎಂಬ ಹುಡುಗನ ಕಂತಾದರೆ, ಅವನ ಮುಂದೆ ಅಪ್ಪ ಬಂದು ನಿಂತಾಗ ವಾದ್ಯ ನುಡಿಯುತ್ತಿದೆಯೋ, ಬಾಯಿ ಮುಚ್ಚಿಕೊಂಡಿದೆಯೋ? ಗುರುತು ಹಾಕಿದ ಒಂದು ದೃಶ್ಯವನ್ನು ದನಿ ಪೂರಾ ಅಡಗಿಸಿ ನೋಡಿ, ಅದನ್ನೇ ಕಣ್ಣು ಮುಚ್ಚಿ ಕೇಳಿ. ಸಂಗೀತ ದೃಶ್ಯಕ್ಕೆ ಕೊಟ್ಟದ್ದೇನು ಎಂಬುದು ಆಗ ಬೇರೆಯಾಗಿ ಸಿಗುತ್ತದೆ. ಮಾತು ಅಡ್ಡ ಬರುತ್ತದೆ ಎನಿಸಿದರೆ 1987ರ ‘ಪುಷ್ಪಕ ವಿಮಾನ’ಕ್ಕೆ ಹೋಗಿ. ಅದು ಮಾತಿಲ್ಲದ ಸಿನಿಮಾ, ಸಂಗೀತ ವೈದ್ಯನಾಥನ್ ಅವರದೇ.

ಶೀರ್ಷಿಕೆ ಸಂಗೀತವನ್ನು ಬಿಡಿಯಾಗಿ ಹುಡುಕುವಾಗ ಎಚ್ಚರ. ಹೊಸಬರು ಕೀಬೋರ್ಡಿನಲ್ಲಿ ನುಡಿಸಿದ್ದೂ ರಿಂಗ್‌ಟೋನಿಗೆಂದು ಕತ್ತರಿಸಿದ್ದೂ ಅದೇ ಹೆಸರಿನಲ್ಲಿ ಸಿಗುತ್ತವೆ. ಕಂತಿನ ಆರಂಭದ ಜೊತೆ ತಾಳೆ ನೋಡಿಯೇ ಇಳಿಸಿಕೊಳ್ಳಿ.

ಕೊನೆಗೆ ನಾಟಕದ ಮೇಷ್ಟ್ರ ಮನೆಗೆ ನಡೆಯಿರಿ. ಧಾಟಿಯನ್ನು ಬಾಯಲ್ಲಿ ಗುನುಗಿದರೆ ಸಾಕು, ‘ಕಪ್ಪು ಒಂದಕ್ಕೆ ಹಾಡ್ತೀಯೋ, ಬಿಳಿ ಎರಡಕ್ಕೋ’ ಎಂದು ಕೇಳಿ ಶ್ರುತಿ ಹಿಡಿಯುತ್ತಾರೆ. ಸ್ವರಗಳ ಹೆಸರು ಬರೆದುಕೊಳ್ಳಿ. ವೈದ್ಯನಾಥನ್ ಪಿಟೀಲಿನ ಮನೆತನದವರು, ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಇಬ್ಬರೂ ಅವರ ತಮ್ಮಂದಿರು. ದನಿ ಪಿಟೀಲಿನಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಕಡೆ ಹಾರ್ಮೋನಿಯಂ ಕೈಕೊಡುತ್ತದೆ, ಅದರ ಮನೆಗಳ ನಡುವೆ ಜಾರಲು ದಾರಿಯಿಲ್ಲ. ಅಂಥ ಜಾಗಗಳಿಗೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ಪಿಟೀಲು ನುಡಿಸುವವರು ಸಿಕ್ಕಾಗ ಅಷ್ಟನ್ನು ಮಾತ್ರ ನುಡಿಸಿ ತೋರಿಸಲು ಕೇಳಿ.