ಅಳಿವೆಯ ದಂಡೆಗೆ ಕಾಂಡ್ಲಾ ವನ: ತಿಳಿದು ನೆಡುವ ಕ್ರಮ

ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿ ಬೆಂಗ್ರೆಯ ಬಳಿ ಕೂಡಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಅದರ ದಕ್ಷಿಣಕ್ಕಿರುವ ಹೂಡೆಗೆ ಪಶ್ಚಿಮದಲ್ಲಿ ಕಡಲು, ಪೂರ್ವದಲ್ಲಿ ಹೊಳೆ. ಇಂತಹ ನೆಲದಲ್ಲಿ ಬೇಸಾಯ ಮಾಡುವವರಿಗೆ ಎರಡು ಚಿಂತೆಗಳು: ದಂಡೆ ಕುಸಿಯುವುದು, ಗದ್ದೆಗೆ ಉಪ್ಪುನೀರು ನುಗ್ಗುವುದು. ದಂಡೆಯನ್ನು ಹಿಡಿದು ನಿಲ್ಲಿಸುವ ಕಾಂಡ್ಲಾ ವನವನ್ನು ಅರಿತು ಬೆಳೆಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಡಲೊಳಗಿನ ಕಾಡಿನಿಂದ ಒಂದು ಪಾಠ

ತಣ್ಣನೆಯ ಸಮುದ್ರಗಳಲ್ಲಿ ಬಂಡೆಗಳನ್ನು ಹಿಡಿದು ಬೆಳೆಯುವ ಕೆಲ್ಪ್ ಎಂಬ ದೈತ್ಯ ಪಾಚಿಯ ಕಾಡುಗಳಿವೆ. ನಮ್ಮ ಬೆಚ್ಚನೆಯ ಕಡಲಿನಲ್ಲಿ ಅವು ಬೆಳೆಯುವುದಿಲ್ಲ. ಉತ್ತರ ಪೆಸಿಫಿಕ್ ತೀರದಲ್ಲಿ ತುಪ್ಪಳಕ್ಕಾಗಿ ಕಡಲ ನೀರುನಾಯಿಗಳನ್ನು ಬೇಟೆಯಾಡಿದಾಗ, ಅವುಗಳ ಆಹಾರವಾಗಿದ್ದ ಅರ್ಚಿನ್ ಎಂಬ ಮುಳ್ಳುಚೆಂಡಿನಂತಹ ಜೀವಿಗಳು ಮಿತಿಮೀರಿ ಹೆಚ್ಚಿ ಕೆಲ್ಪನ್ನು ತಿಂದು ಬರಿದು ಮಾಡಿದವು. 1911ರ ಅಂತರರಾಷ್ಟ್ರೀಯ ಒಪ್ಪಂದದಿಂದ ನೀರುನಾಯಿಗಳಿಗೆ ರಕ್ಷಣೆ ದೊರೆಯಿತು. ಅವು ಮರಳಿ ಬಂದ ಹಲವು ಕಡೆ ಕಾಡೂ ಚೇತರಿಸಿತು. ಅಳಿವಿನ ಕಾರಣವನ್ನು ಮೊದಲು ನಿವಾರಿಸಬೇಕು, ಸಸಿ ನೆಡುವುದು ಆಮೇಲಿನ ಕೆಲಸ ಎಂಬುದೇ ಇದರ ಪಾಠ. ಇದು ನಮ್ಮ ಕಾಂಡ್ಲಾ ವನಕ್ಕೂ ಅನ್ವಯಿಸುತ್ತದೆ.

ಕಾಂಡ್ಲಾ ವನದ ಉಪಯೋಗ

ರೈಜೋಫೊರಾ ಜಾತಿಯ ಮರದ ಊರುಗೋಲಿನಂತಹ ಬೇರುಗಳು ಅಲೆಯ ರಭಸವನ್ನು ತಗ್ಗಿಸಿ, ನೀರಿನಲ್ಲಿರುವ ರೇವೆ ತಳಕ್ಕಿಳಿಯುವಂತೆ ಮಾಡುತ್ತವೆ. ಅವಿಸೇನಿಯಾ ಮರದ ಬೇರುಗಳು ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದು ಉಸಿರಾಡುತ್ತವೆ. ಉದುರಿದ ಎಲೆ ಕೊಳೆತು ಆಹಾರವಾಗುತ್ತದೆ. ಬೇರುಗಳ ನಡುವೆ ಸಿಗಡಿ, ಏಡಿ ಮತ್ತು ಮೀನಿನ ಮರಿಗಳು ಆಶ್ರಯ ಪಡೆಯುತ್ತವೆ.

ಆದರೆ ಕಾಂಡ್ಲಾ ವನವು ದಂಡೆಯನ್ನು ಕಾಯುತ್ತದೆಯೇ ಹೊರತು ಗದ್ದೆಗೆ ಜಿನುಗುವ ಉಪ್ಪುನೀರನ್ನು ತಡೆಯುವುದಿಲ್ಲ. ಅದಕ್ಕೆ ಭದ್ರವಾದ ದಂಡೆ, ಸುಸ್ಥಿತಿಯ ತೂಬು ಅಥವಾ ಕಿಂಡಿ ಅಣೆಕಟ್ಟು ಬೇಕೇ ಬೇಕು. ಮಣ್ಣಿನ ಲವಣಾಂಶದ ಅಳತೆ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ. ಆದ್ದರಿಂದ ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿರಿ.

ಮೊದಲು ಅಭ್ಯಾಸ, ಆಮೇಲೆ ನಾಟಿ

ಫಿಲಿಪ್ಪೀನ್ಸ್ ದೇಶದಲ್ಲಿ ಬಹಳ ಹಣ ವೆಚ್ಚ ಮಾಡಿ ನೆಟ್ಟ ಸಸಿಗಳಲ್ಲಿ ದೀರ್ಘಕಾಲ ಬದುಕುಳಿದವು ಸಾಮಾನ್ಯವಾಗಿ ಶೇಕಡಾ 10ರಿಂದ 20 ಮಾತ್ರವೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ತಪ್ಪು ಜಾಗದಲ್ಲಿ ತಪ್ಪು ಜಾತಿಯನ್ನು ನೆಟ್ಟದ್ದು ಇದಕ್ಕೆ ಮುಖ್ಯ ಕಾರಣ. ಆದುದರಿಂದ ಈ ಕೆಳಗಿನವುಗಳನ್ನು ಗಮನಿಸತಕ್ಕದ್ದು:

1. ಗುರುತು ಹಾಕಿದ ಕೋಲನ್ನು ಹೊಳೆಯಂಚಿನಲ್ಲಿ ಊರಿ, ಅಮಾವಾಸ್ಯೆ, ಹುಣ್ಣಿಮೆ ಮತ್ತು ಅಷ್ಟಮಿಗಳಂದು ಭರತ–ಇಳಿತದ ಮಟ್ಟವನ್ನು ಬರೆದಿಡಿರಿ. ಸದಾ ನೀರು ನಿಲ್ಲುವ ಜಾಗ ನಾಟಿಗೆ ಯೋಗ್ಯವಲ್ಲ.
2. ಹತ್ತಿರದಲ್ಲಿ ತಾನಾಗಿ ಬೆಳೆದ ಕಾಂಡ್ಲಾ ಯಾವ ಮಟ್ಟದಲ್ಲಿದೆ, ಯಾವ ಜಾತಿಯದು ಎಂಬುದನ್ನು ನೋಡಿರಿ. ಅದೇ ಮಟ್ಟ, ಅದೇ ಜಾತಿ ನಿಮಗೆ ದಾರಿ ತೋರಿಸುತ್ತದೆ.
3. ಹಿಂದೆ ಇದ್ದ ವನ ಏಕೆ ನಾಶವಾಯಿತೆಂದು ಹಿರಿಯರನ್ನು ಕೇಳಿ ತಿಳಿಯಿರಿ. ಕಡಿದದ್ದೇ, ದನ ಮೇಯ್ದದ್ದೇ ಅಥವಾ ರಸ್ತೆಯೋ ಕಟ್ಟವೋ ಭರತದ ನೀರನ್ನು ತಡೆದದ್ದೇ? ನೀರಿನ ಹಾದಿ ತೆರೆದರೆ ಎಷ್ಟೋ ಕಡೆ ಬೀಜ ತೇಲಿಬಂದು ವನ ತಾನಾಗಿ ಹುಟ್ಟುತ್ತದೆ.
4. ತೆರೆದ ಮರಳ ದಂಡೆಯಲ್ಲಿಯೂ ಮರುವಾಯಿ ಹೆಕ್ಕುವ ಜಾಗದಲ್ಲಿಯೂ ನೆಡಬೇಡಿರಿ. ಒಬ್ಬರ ದಂಡೆಗಾಗಿ ಇನ್ನೊಬ್ಬರ ಅನ್ನ ಹೋಗಬಾರದು.

ನಾಟಿ ವಿಧಾನ

ರೈಜೋಫೊರಾ ಬೀಜ ಮರದಲ್ಲಿಯೇ ಮೊಳೆತು ಕೋಡಿನಂತೆ ತೂಗುತ್ತದೆ. ಮಳೆಗಾಲದಲ್ಲಿ ಬಲಿತು, ಮುಟ್ಟಿದರೆ ಸುಲಭವಾಗಿ ಕಳಚುವ ಕೋಡುಗಳನ್ನು ಆರಿಸಿರಿ. ಹುಳು ಕೊರೆದವನ್ನು ತೆಗೆದುಹಾಕಿರಿ. ಮೊನೆ ಕೆಳಗಾಗುವಂತೆ ಮೂರನೇ ಒಂದು ಭಾಗವನ್ನು ಕೆಸರಿನಲ್ಲಿ ಊರಬೇಕು. ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ ಸುಮಾರು 1 ಮೀಟರ್ ಅಂತರವಿರಲಿ. ನೀರಿನ ಸೆಳೆತ ಹೆಚ್ಚಿದ್ದರೆ ಚೀಲದಲ್ಲಿ ಬೆಳೆಸಿದ ಸಸಿಯನ್ನು ಗೂಟಕ್ಕೆ ಸಡಿಲವಾಗಿ ಕಟ್ಟಿ ನೆಡುವುದು ಲೇಸು. ಸಸಿಗೆ ಸುತ್ತಿದ ಪ್ಲಾಸ್ಟಿಕ್ ಮತ್ತು ಬಲೆಯ ಚೂರುಗಳನ್ನು ಆಗಾಗ ಬಿಡಿಸಬೇಕು, ದನಗಳಿಂದ ಕಾಯಬೇಕು. ಮೂರು ವರ್ಷ, ಪ್ರತಿ ಮಳೆಗಾಲದ ನಂತರ, ಬದುಕಿರುವ ಸಸಿಗಳನ್ನು ಎಣಿಸಿ ಬರೆದಿಡಿರಿ. ಸತ್ತ ಕಡೆ ಕಾರಣ ತಿಳಿಯದೆ ಮತ್ತೆ ನೆಡಬೇಡಿರಿ.

ಕಾನೂನು ಮತ್ತು ನೆರವು

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಕಾಂಡ್ಲಾ ವನ ಅತ್ಯಂತ ಸೂಕ್ಷ್ಮ ವಲಯಕ್ಕೆ ಸೇರಿದೆ. ಅದನ್ನು ಕಡಿಯುವಂತಿಲ್ಲ. ಹೊಳೆಯಂಚಿನ ಸರಕಾರಿ ಜಾಗದಲ್ಲಿ ನೆಡುವ ಮುನ್ನ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ. ಕೇಂದ್ರ ಸರಕಾರವು 2023–24ರ ಮುಂಗಡಪತ್ರದಲ್ಲಿ ಕಾಂಡ್ಲಾ ಬೆಳೆಸಲು 'ಮಿಷ್ಟಿ' ಎಂಬ ಯೋಜನೆಯನ್ನು ಪ್ರಕಟಿಸಿತು. ಇದರ ವಿವರವನ್ನೂ ಅಲ್ಲಿಯೇ ವಿಚಾರಿಸಬಹುದು.

ಒಬ್ಬರ ಗದ್ದೆಯ ಮುಂದೆ ಮಾತ್ರ ವನವಿದ್ದು ಪಕ್ಕದ ದಂಡೆ ಬರಿದಾಗಿದ್ದರೆ ನೀರು ಆ ಕಡೆಯಿಂದ ಒಳನುಗ್ಗುತ್ತದೆ. ಆದ್ದರಿಂದ ಒಂದು ಬೈಲಿನ ರೈತರೆಲ್ಲ, ಹೊಳೆ ಮೀನುಗಾರರನ್ನೂ ಸೇರಿಸಿಕೊಂಡು, ಈ ಕೆಲಸವನ್ನು ಕೈಗೊಳ್ಳುವುದು ಉತ್ತಮ.