ವಿದ್ಯುತ್ತಿನ ಜಮಾಖರ್ಚು

ಮನೆಗೆ ಬರುವ ವಿದ್ಯುತ್ ಬಿಲ್ಲಿನಲ್ಲಿ 'ಆರ್.ಆರ್. ಸಂಖ್ಯೆ' ಎಂಬ ಒಂದು ಗುರುತು ಅಚ್ಚಾಗಿರುತ್ತದೆ. ಬಹುಮಂದಿ ಕೊಡಬೇಕಾದ ಹಣವನ್ನು ನೋಡುವರೇ ಹೊರತು ಇದನ್ನು ಗಮನಿಸುವುದಿಲ್ಲ. ಆರ್.ಆರ್. ಎಂದರೆ ರೆವಿನ್ಯೂ ರಿಜಿಸ್ಟರ್, ಅಂದರೆ ವರಮಾನದ ಖಾತೆಪುಸ್ತಕ. ಗುಮಾಸ್ತರು ದಪ್ಪರಟ್ಟಿನ ಪುಸ್ತಕಗಳಲ್ಲಿ ಮಸಿಯಿಂದ ಲೆಕ್ಕ ಬರೆಯುತ್ತಿದ್ದ ಕಾಲದ ಹೆಸರು ಇದು. ಪುಸ್ತಕದ ಸ್ಥಾನಕ್ಕೆ ಇಂದು ಗಣಕಯಂತ್ರವೂ ಅದನ್ನು ನಡೆಸುವ ತಂತ್ರಾಂಶವೂ ಬಂದಿವೆ. ಹೆಸರು ಮಾತ್ರ ಹಳೆಯದೇ ಉಳಿದಿದೆ. ಲಕ್ಷಾಂತರ ಮನೆಗಳ ಲೆಕ್ಕವನ್ನಿಡುವ ಈ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ, ಅದು ತಪ್ಪಿದಾಗ ತಪ್ಪನ್ನು ಹಿಡಿಯುವುದು ಹೇಗೆ ಎಂಬುದನ್ನು ಈಗ ನೋಡೋಣ.

ಮೊದಲು ಮೀಟರಿನ ವಿಚಾರ. ಸಾವಿರ ವಾಟಿನ ಉಪಕರಣವೊಂದು ಒಂದು ಗಂಟೆಯ ಕಾಲ ನಡೆದರೆ ವ್ಯಯವಾಗುವ ಶಕ್ತಿಗೆ ಒಂದು ಯೂನಿಟ್ಟು ಎಂದು ಹೆಸರು. ಅಷ್ಟೇ ಶಕ್ತಿಯಲ್ಲಿ ಹತ್ತು ವಾಟಿನ ದೀಪ ನೂರು ಗಂಟೆ ಉರಿಯುವುದು. ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಮಿನುಗುವ ಕೆಂಪು ದೀಪವನ್ನು ವಿದ್ಯಾರ್ಥಿಗಳು ಕಂಡಿರಬಹುದು. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುವುದೆಂದು ಮೀಟರಿನ ಮೇಲೆಯೇ ನಮೂದಿಸಿರುತ್ತಾರೆ. ಆ ಸಂಖ್ಯೆ 3200 ಎಂದಿಟ್ಟುಕೊಳ್ಳೋಣ. ಗಡಿಯಾರ ಹಿಡಿದು ಎಣಿಸಿದಾಗ 72 ಸೆಕೆಂಡುಗಳಲ್ಲಿ 32 ಸಲ ಮಿನುಗಿತೆಂದರೆ, ಯೂನಿಟ್ಟಿನ ನೂರರಲ್ಲೊಂದು ಭಾಗ, ಗಂಟೆಯ ಐವತ್ತರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ವ್ಯಯವಾಯಿತು. ಆಗ ಮನೆಯಲ್ಲಿ ಒಟ್ಟು 500 ವಾಟಿನ ಉಪಕರಣಗಳು ನಡೆಯುತ್ತಿವೆ ಎಂದಾಯಿತು. ಏನನ್ನೂ ಮುಟ್ಟದೆ ದೂರದಲ್ಲಿ ನಿಂತು ಮಾಡಬಹುದಾದ ಪ್ರಯೋಗವಿದು. ಒಮ್ಮೆ ಮಾಡಿ ನೋಡತಕ್ಕದ್ದು.

ಆದರೆ ಮೀಟರು ಬಲ್ಲುದು ಎಣಿಕೆಯನ್ನು ಮಾತ್ರ. ಅದು ಯಾರ ಮನೆಯ ಗೋಡೆಯ ಮೇಲಿದೆ, ಆ ಕಟ್ಟಡ ವಾಸದ ಮನೆಯೋ ಅಂಗಡಿಯೋ, ಅಲ್ಲಿಗೆ ತಂತಿ ಬಂದಿರುವುದು ಯಾವ ಕಂಬದಿಂದ, ಯಾವ ಪರಿವರ್ತಕದಿಂದ—ಇದಾವುದೂ ಮೀಟರಿಗೆ ತಿಳಿಯದು. ಗ್ರಾಹಕ, ಮೀಟರು, ತಂತಿ ಈ ಮೂರನ್ನೂ ಒಂದಕ್ಕೊಂದು ಗಂಟುಹಾಕುವುದೇ ತಂತ್ರಾಂಶದ ಮೂಲ ಕಾರ್ಯ. ಕೂಡುವುದು, ಗುಣಿಸುವುದು, ಬಿಲ್ಲು ಅಚ್ಚು ಹಾಕುವುದು ಇವೆಲ್ಲ ಆಮೇಲಿನ ಮಾತು. ಗಂಟು ಸರಿಯಾಗಿದ್ದರೆ ಅದರಿಂದ ಬೇರೆ ಪ್ರಯೋಜನಗಳೂ ಉಂಟು. ಒಂದು ಬೀದಿಯ ಹತ್ತು ಮನೆಗಳಿಂದ ಕರೆಂಟು ಹೋಯಿತೆಂದು 1912 ಸಂಖ್ಯೆಗೆ ದೂರು ಬಂದಿತೆನ್ನೋಣ. ಆ ಹತ್ತೂ ಒಂದೇ ಪರಿವರ್ತಕಕ್ಕೆ ಸೇರಿದವೆಂದು ಖಾತೆಯಲ್ಲಿ ತಿಳಿದುಬಂದರೆ ಲೈನ್‌ಮನ್ ಮನೆಮನೆ ಅಲೆಯಬೇಕಾದುದಿಲ್ಲ. ನೇರವಾಗಿ ಪರಿವರ್ತಕದ ಬಳಿಗೆ ಹೋಗಬಹುದು.

ಕರ್ನಾಟಕದಲ್ಲಿ 1999ರಲ್ಲಿ ವಿದ್ಯುಚ್ಛಕ್ತಿ ಮಂಡಳಿಯ ಸ್ಥಾನದಲ್ಲಿ ವಿದ್ಯುತ್ ಪ್ರಸರಣ ನಿಗಮ ಬಂದಿತು. 2002ರಲ್ಲಿ ಮನೆಮನೆಗೆ ವಿದ್ಯುತ್ತನ್ನು ಹಂಚುವ ಹೊಣೆ ಪ್ರತ್ಯೇಕ ಕಂಪನಿಗಳ ಪಾಲಿಗೆ ಹೋಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ಜನಸಂಖ್ಯೆಯಿರುವ ಪಟ್ಟಣಗಳಲ್ಲಿ ಯಾವ ಗ್ರಾಹಕ ಯಾವ ಪರಿವರ್ತಕಕ್ಕೆ ಸೇರಿದವನೆಂದು ಪಟ್ಟಿಮಾಡಿ ಗಣಕಯಂತ್ರಕ್ಕೆ ಏರಿಸುವ ಕೇಂದ್ರ ಸರ್ಕಾರದ ಯೋಜನೆ 2008ರಲ್ಲಿ ಹೊರಟಿತು. ಕೇಳಲು ಸಪ್ಪೆಯಾದ ಕೆಲಸ. ಆದರೆ ಅದರ ಮಹತ್ತ್ವ ಮುಂದಿನ ಉದಾಹರಣೆಯಿಂದ ಸ್ಪಷ್ಟವಾಗುವುದು.

ನಮ್ಮ ಹಳ್ಳಿಗಳಲ್ಲಿ ಜನ 'ಟಿ.ಸಿ.' ಎಂದು ಕರೆಯುವ ಪರಿವರ್ತಕಕ್ಕೂ ಒಂದು ಮೀಟರನ್ನು ಅಳವಡಿಸಿದ್ದಾರೆ ಎನ್ನೋಣ. ಒಂದು ತಿಂಗಳಲ್ಲಿ ಅದರ ಮೂಲಕ 10,000 ಯೂನಿಟ್ಟು ಹರಿಯಿತು. ಅದಕ್ಕೆ ಸೇರಿದ ಮನೆಗಳ ಬಿಲ್ಲುಗಳನ್ನೆಲ್ಲ ಕೂಡಿದರೆ ಬಂದದ್ದು 8,600. ಉಳಿದ 1,400 ಎಲ್ಲಿ ಹೋಯಿತು? ಶಕ್ತಿ ನಾಶವಾಗದು ಎಂಬುದನ್ನು ನಾವು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೇವೆ. ಸ್ವಲ್ಪ ಭಾಗ ತಂತಿಯನ್ನು ಬಿಸಿಮಾಡುವುದರಲ್ಲಿ ಹೋಗಿರಬೇಕು. ಸ್ವಲ್ಪ ಕಳವಾಗಿರಬಹುದು. ಯಾವುದೋ ಮೀಟರು ಕೆಟ್ಟು ನಿಂತಿರಲೂಬಹುದು. ಪಕ್ಕದ ಪರಿವರ್ತಕದ ಲೆಕ್ಕ ಇನ್ನೂ ವಿಚಿತ್ರವಾಗಿದೆ: ಒಳಕ್ಕೆ ಬಂದದ್ದು 6,000 ಯೂನಿಟ್ಟು, ಬಿಲ್ಲುಗಳ ಮೊತ್ತ 6,700! ಪಡೆದುದಕ್ಕಿಂತ ಹೆಚ್ಚನ್ನು ಕೊಡಬಲ್ಲ ಪರಿವರ್ತಕ ಜಗತ್ತಿನಲ್ಲಿಲ್ಲ. ಆದ್ದರಿಂದ ತಪ್ಪಿರುವುದು ಲೆಕ್ಕದಲ್ಲಿ. ಹೊರೆ ಹೆಚ್ಚಾಯಿತೆಂದು ಲೈನ್‌ಮನ್ ಎಂದೋ ಒಂದು ದಿನ ಕೆಲವು ಮನೆಗಳ ತಂತಿಯನ್ನು ಎರಡನೆಯ ಪರಿವರ್ತಕದಿಂದ ತೆಗೆದು ಮೊದಲನೆಯದಕ್ಕೆ ಜೋಡಿಸಿದ್ದಾನೆ. ಖಾತೆಯಲ್ಲಿ ಅವು ಹಳೆಯ ಕಡೆಯಲ್ಲಿಯೇ ಉಳಿದಿವೆ. ಆದುದರಿಂದ ಮೊದಲನೆಯದರ ಲೆಕ್ಕದಲ್ಲಿ ಕಾಣುವ ನಷ್ಟ ಪೂರ್ತಿ ಕಳವಲ್ಲ. ಇದನ್ನರಿಯದೆ ಅಧಿಕಾರಿಗಳು ಆ ಬೀದಿಯ ಜನರನ್ನೆಲ್ಲ ಕಳ್ಳರೆಂದು ಸಂಶಯಿಸಿದರೆ ಅದು ಅನ್ಯಾಯವಷ್ಟೆ. ಶಕ್ತಿ ಸಂರಕ್ಷಣೆಯ ನಿಯಮ ಇಲ್ಲಿ ಲೆಕ್ಕ ತಪಾಸಣೆಗಾರನಾಗಿ ನಿಂತಿದೆ.

ಈ ತಪಾಸಣೆಗೆ ಇನ್ನೊಂದು ತೊಡಕುಂಟು. ಪರಿವರ್ತಕದ ಮೀಟರನ್ನು ತಿಂಗಳ ಒಂದನೆಯ ತಾರೀಖು ಓದಿ, ಮನೆಗಳನ್ನು ಮೂರರಿಂದ ಹತ್ತರವರೆಗೆ ಸುತ್ತಿ ಓದಿದರೆ, ದಿನಗಳ ವ್ಯತ್ಯಾಸವೇ ಸುಳ್ಳು ನಷ್ಟವನ್ನೋ ಸುಳ್ಳು ಲಾಭವನ್ನೋ ತೋರಿಸುವುದು. ತಾನಾಗಿ ಎಣಿಕೆಯನ್ನು ರವಾನಿಸುವ ಸ್ಮಾರ್ಟ್ ಮೀಟರುಗಳಲ್ಲಿ ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಓದಬಹುದು. ಕಾಲುಗಂಟೆಗೊಮ್ಮೆ ಓದಿದರೆ ದಿನಕ್ಕೆ 96, ವರ್ಷಕ್ಕೆ 35,040 ಅಂಕಿಗಳು, ಅದೂ ಒಂದೇ ಮನೆಯಿಂದ! ತಿಂಗಳಿಗೊಂದರಂತೆ ವರ್ಷಕ್ಕೆ 12 ಅಂಕಿಗಳನ್ನು ಬರೆಯುತ್ತಿದ್ದ ಗುಮಾಸ್ತನಿಗೆ ಇದು ಕನಸಿನಲ್ಲಿಯೂ ಸಾಧ್ಯವಿರಲಿಲ್ಲ.

ತಂತ್ರಾಂಶ ಎಷ್ಟೇ ನಿಪುಣವಾಗಿರಲಿ, ಅಳೆಯದೆ ಇರುವುದನ್ನು ಅದು ಅರಿಯಲಾರದು. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಬಹುಪಾಲು ಪಂಪುಗಳಿಗೆ ಮೀಟರಿಲ್ಲ. ಅವುಗಳ ಬಳಕೆಯನ್ನು ಫೀಡರು ಅಥವಾ ಪರಿವರ್ತಕದ ಮೀಟರಿನಿಂದ ಅಂದಾಜು ಮಾಡಬೇಕಾಗಿದೆ. ಅಂದಾಜು ಹೆಚ್ಚಾದರೆ ದಾರಿಯಲ್ಲಿ ಸೋರಿದ ವಿದ್ಯುತ್ತೂ ರೈತನ ಹೆಸರಿನಲ್ಲಿಯೇ ಜಮೆಯಾಗುವುದು. ಅದಕ್ಕೆ ಸಹಾಯಧನ ತೆರುವ ಹೊರೆ ಸರ್ಕಾರದ ಮೇಲೆ ಬೀಳುವುದು. ರೈತನು ಹರಿಸಿದ ನೀರು ಎಷ್ಟೆಂಬುದು ಅವನ ಗದ್ದೆಗೆ ಗೊತ್ತು, ಖಾತೆಗೆ ಗೊತ್ತಿಲ್ಲ! ಲೆಕ್ಕದ ಈ ಭಾಗ ಸಡಿಲವಾಗಿದೆಯೆಂದೇ ನಮ್ಮ ಅಭಿಪ್ರಾಯ.

ಖಾತೆಯ ಒಂದು ಅಂಕಿ ಸಂಸಾರವೊಂದರ ಪಾಲಿಗೆ ಏನಾಗಬಲ್ಲುದೆಂಬುದನ್ನು 2023ರ ಗೃಹಜ್ಯೋತಿ ಯೋಜನೆ ಮನೆಮನೆಗೂ ತೋರಿಸಿಕೊಟ್ಟಿತು. ಪ್ರತಿಯೊಂದು ಮನೆಯ 2022–23ನೆಯ ಸಾಲಿನ ಮಾಸಿಕ ಸರಾಸರಿಯನ್ನು ತೆಗೆದು, ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ, ಅಷ್ಟು ಯೂನಿಟ್ಟುಗಳು ಉಚಿತ ಎಂದು ಗೊತ್ತುಮಾಡಲಾಯಿತು. ಆ ಮಿತಿಯನ್ನು ಮೀರಿದರೆ ಹೆಚ್ಚಿನದಕ್ಕೆ ಮಾತ್ರ ಹಣ. 200 ಯೂನಿಟ್ಟನ್ನೇ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೂ ತೆರಬೇಕು. ಹಿಂದಿನ ದಾಖಲೆಯೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ಟು, ಅದರ ಮೇಲೆ ಹತ್ತರಷ್ಟು, ಒಟ್ಟು 58 ಎಂದಾಯಿತು. ಒಬ್ಬೊಬ್ಬರಿಗೆ ಒಂದೊಂದು ಮಿತಿ! ಹಳೆಯ ರಟ್ಟಿನ ಪುಸ್ತಕಗಳಿಂದ ಇದು ಆಗುವ ಕೆಲಸವಲ್ಲ.

ಶೇಕಡಾವಾರು ಲೆಕ್ಕದ ಸ್ವಭಾವವನ್ನು ಇಲ್ಲಿ ಗಮನಿಸಬೇಕು. ತಿಂಗಳಿಗೆ 150 ಯೂನಿಟ್ಟು ಬಳಸುತ್ತಿದ್ದವರಿಗೆ ಹದಿನೈದು ಹೆಚ್ಚಾಗಿ ದೊರೆತರೆ, ಎರಡು ದೀಪ, ಒಂದು ಫ್ಯಾನಿನಲ್ಲಿ ಕಾಲ ಹಾಕುತ್ತ 20 ಯೂನಿಟ್ಟು ಬಳಸುತ್ತಿದ್ದ ಬಡವರಿಗೆ ಸಿಕ್ಕಿದ್ದು ಎರಡೇ. 2024ರ ಜನವರಿಯಲ್ಲಿ ಸರ್ಕಾರ ಇದನ್ನು ತಿದ್ದಿ, ಸರಾಸರಿ 48 ಯೂನಿಟ್ಟಿಗಿಂತ ಕಡಮೆಯಿರುವವರಿಗೆ ಶೇಕಡಾ ಹತ್ತರ ಬದಲು ನೇರವಾಗಿ ಹತ್ತು ಯೂನಿಟ್ಟುಗಳನ್ನು ಕೊಡಲು ತೀರ್ಮಾನಿಸಿತು. ತಂತ್ರಾಂಶದಲ್ಲಿ ಇದು ಒಂದೆರಡು ಸಾಲಿನ ಬದಲಾವಣೆ. ಗುಡಿಸಲಿನಲ್ಲಿ ಫ್ಯಾನು ಇನ್ನಷ್ಟು ಹೊತ್ತು ತಿರುಗಲು ಅವಕಾಶ.

ಬಾಗಿಲಿಗೆ ಬೀಗ ಬಿದ್ದ ಮನೆಯ ಸಂಗತಿಯನ್ನು ತೆಗೆದುಕೊಳ್ಳಿ. ಮೀಟರು ಓದುವವರು ಬಂದಾಗ ಮನೆಯವರು ಇರಲಿಲ್ಲ. ಹಿಂದಿನ ಸರಾಸರಿಯ ಮೇಲೆ ಬಿಲ್ಲು ಬರೆದರು. ಮುಂದಿನ ತಿಂಗಳು ಓದಿದಾಗ ಎರಡು ತಿಂಗಳ ಒಟ್ಟು ಬಳಕೆ 240 ಯೂನಿಟ್ಟು ಎಂದು ಕಂಡಿತು. ಅದನ್ನು ಎರಡು ತಿಂಗಳಿಗೆ ಹಂಚಿದರೆ ತಲಾ 120, ಇನ್ನೂರರ ಮಿತಿಯೊಳಗೇ ಇದೆ. ಹಂಚದೆ ಒಂದೇ ತಿಂಗಳ ಬಳಕೆಯೆಂದು ಹಿಡಿದರೆ ಮಿತಿ ದಾಟಿತೆಂದು ಪೂರ್ತಿ ಬಿಲ್ಲು ಬರುವುದು. ಮೀಟರು ಎರಡು ಸಲವೂ ನಿಜವನ್ನೇ ಹೇಳಿದೆ; ವ್ಯತ್ಯಾಸವಿರುವುದು ಭಾಗಾಕಾರದಲ್ಲಿ. ಇಂಥ ಬಿಲ್ಲು ಬಂದವರು ಹಿಂದಿನ ತಿಂಗಳ ಮತ್ತು ಈ ತಿಂಗಳ ಮೀಟರಿನ ಅಂಕಿಗಳೆರಡನ್ನೂ ಮುಂದಿಟ್ಟುಕೊಂಡು, ಎಷ್ಟು ದಿನಗಳ ಬಳಕೆಯೆಂದು ತಾವೇ ಲೆಕ್ಕ ಹಾಕಿ ನೋಡಬೇಕು. ಎರಡನೆಯ ತರಗತಿಯ ಗಣಿತ ಇದಕ್ಕೆ ಸಾಕು.

ಬಾಡಿಗೆದಾರರ ತೊಂದರೆ ಬೇರೆ ತರದ್ದು. ಆರ್.ಆರ್. ಸಂಖ್ಯೆ ಅಂಟಿಕೊಂಡಿರುವುದು ಕಟ್ಟಡಕ್ಕೆ, ಮನುಷ್ಯನಿಗಲ್ಲ. ಆದರೆ ಯೋಜನೆಗೆ ನೋಂದಾಯಿಸುವಾಗ ಮನುಷ್ಯನ ಆಧಾರ್ ಸಂಖ್ಯೆಯನ್ನು ಕಟ್ಟಡದ ಸಂಖ್ಯೆಗೆ ಗಂಟುಹಾಕಿದರು. ಮನುಷ್ಯ ಮನೆ ಬದಲಾಯಿಸಿದ. ಗಂಟು ಹಳೆಯ ಮನೆಯಲ್ಲಿಯೇ ಉಳಿಯಿತು. ಒಬ್ಬರಿಗೆ ಒಂದೇ ಸಂಪರ್ಕವೆಂಬ ನಿಯಮವಿದ್ದುದರಿಂದ ಹೊಸ ಮನೆಯಲ್ಲಿ ಮತ್ತೆ ನೋಂದಾಯಿಸಲು ತೊಡಕಾಯಿತು. ಹಳೆಯ ಗಂಟನ್ನು ಬಿಚ್ಚುವ ಅನುಕೂಲವನ್ನು 2024ರಲ್ಲಿ ಒದಗಿಸಲಾಯಿತು. ಊರಿಂದೂರಿಗೆ ವರ್ಗವಾಗುವ ಶಿಕ್ಷಕರು, ವರ್ಷಕ್ಕೊಮ್ಮೆ ಮನೆ ಬದಲಿಸುವ ಕೂಲಿಕಾರರು ಮನೆ ಬಿಡುವಾಗ ಹಾಲಿನವನ ಲೆಕ್ಕ ತೀರಿಸುವಂತೆಯೇ ಈ ಗಂಟನ್ನೂ ಬಿಚ್ಚಿ ಹೊರಡಬೇಕಾಗಿದೆ.