ಪಡುವಣ ಗೋಡೆಯ ಲೆಕ್ಕ

ಹಲಗೇರಿಯ ನಮ್ಮ ಮಣ್ಣಿನ ಮನೆಗೆ ಮಳೆ ಬಡಿಯುವುದು ಪಡುವಣದಿಂದ. ಆ ಗೋಡೆಯ ಮೇಲರ್ಧಕ್ಕೆ ಅಪ್ಪ ತಗಡು ಹೊಡೆಸಿದ್ದ. ಕೆಳಗೆ ಮಣ್ಣಿನ ಗಿಲಾವು. 2019ರ ಆಗಸ್ಟ್ ಮಳೆಗೆ ಹಾವೇರಿ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಮನೆ ಬಿದ್ದ ಮೇಲೆ ಬರುವ ದುಡ್ಡನ್ನು ನೆಚ್ಚಿಕೊಂಡು ಯಾರು ನಿದ್ದೆ ಮಾಡಿಯಾರು? ಹೆದರಿಕೆಯಲ್ಲೇ ಮರುವರ್ಷ ಕೆಳಗಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದೆ. 14,200 ರೂಪಾಯಿ ಹೋಯಿತು.

ನಾಲ್ಕನೇ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಉಬ್ಬಿತು. ತಟ್ಟಿದರೆ ಪೊಳ್ಳು ಸದ್ದು. ಒಂದು ಚಕ್ಕೆ ಕಿತ್ತು ನೋಡಿದೆ: ಹಿಂದಿನ ಮಣ್ಣು ನಾದಿದ ಹಿಟ್ಟಿನಂತೆ ಮೆತ್ತಗೆ ಕೈಗೆ ಬಂತು. ಬಿರುಕಿನಿಂದ ಹೊಕ್ಕ ನೀರಿಗೂ ಬುಡದಿಂದ ಏರಿದ ತೇವಕ್ಕೂ ಸಿಮೆಂಟು ಹೊರದಾರಿ ಬಿಟ್ಟಿರಲಿಲ್ಲ. “ಗ್ವಾಡಿ ಉಸುರಾಡಬೇಕೋ ತಮ್ಮಾ” ಅಂದಳು ಅವ್ವ. ಅವಳ ಮಾತನ್ನು ಮೊದಲೇ ಕೇಳಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಎಲ್ಲ ಕಿತ್ತು ಮತ್ತೆ ಸಿಮೆಂಟು ಮೆತ್ತಲು ಗೌಂಡಿ 19,000 ಕೇಳಿದ. ಈ ಸಲ ನಾನೇ ಕೈಹಚ್ಚಿದೆ. ಬೇಸಿಗೆಯಲ್ಲಿ ಚಕ್ಕೆಗಳನ್ನೆಲ್ಲ ಉದುರಿಸಿ ಗೋಡೆ ಪೂರ್ತಿ ಆರಲು ಬಿಟ್ಟೆ. ಹೊಲದ ಮಸಾರಿ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು, ಸೆಗಣಿ ಸೇರಿಸಿ ವಾರ ನೆನೆಸಿ, ದಿನಾ ತುಳಿದೆ. ಎರೆಮಣ್ಣು ಮಾತ್ರ ಬೇಡವೇ ಬೇಡ. ನೆನೆದಾಗ ಉಬ್ಬಿ, ಒಣಗಿದಾಗ ಬಾಯಿ ಬಿಡುತ್ತದೆ. ಗೋಡೆಗೆ ನೀರು ಚಿಮುಕಿಸಿ ಎರಡು ಪದರ ಮೆತ್ತಿದೆ. ಮೊದಲ ಪದರದಲ್ಲಿ ಕೂದಲೆಳೆಯಂಥ ಸೀಳು ಬಂದವು, ಎರಡನೆಯದು ಅವನ್ನು ಮುಚ್ಚಿತು. ಚೆನ್ನಾಗಿ ಒಣಗಿದ ಮೇಲೆ ಸುಣ್ಣ.

ತಗಡಿನ ಕೆಲಸದಲ್ಲಿ ಹಳೆಯ ತಪ್ಪೊಂದು ಕಣ್ಣಿಗೆ ಬಿತ್ತು. ಮೊಳೆಗಳನ್ನು ತಗಡಿನ ತಗ್ಗಿನಲ್ಲಿ ಹೊಡೆದಿದ್ದರು. ನೀರು ಇಳಿಯುವುದೇ ಅಲ್ಲಿ, ಆದ್ದರಿಂದ ತೂತಿನ ಸುತ್ತ ತುಕ್ಕು ತಿಂದು, ಗಾಳಿಗೆ ಎರಡು ತಗಡು ಕಿತ್ತುಬಂದಿದ್ದವು. ಹೊಸವನ್ನು ರೀಪಿಗೆ ಬಿಗಿದಾಗ ರಬ್ಬರ್ ವಾಷರಿನ ಸ್ಕ್ರೂಗಳನ್ನು ಉಬ್ಬಿನ ಮೇಲೆಯೇ ಹಾಕಿದೆವು. ಏಣಿ ಹತ್ತುವ ಕೆಲಸಕ್ಕೆ ಆಳು ಬೇಕೇ ಬೇಕು. ಅಲ್ಲಿ ಜುಗ್ಗತನ ಮಾಡಿ ಸೊಂಟ ಮುರಿದುಕೊಂಡರೆ ಆಸ್ಪತ್ರೆಯ ಬಿಲ್ಲಿನ ಮುಂದೆ ಆಳಿನ ಕೂಲಿ ಯಾವ ಲೆಕ್ಕ?

ಎರಡು ತಗಡಿಗೆ 1,500, ಸ್ಕ್ರೂಗೆ 120, ಸುಣ್ಣಕ್ಕೆ 180, ಆಳಿಗೆ ಎರಡು ದಿನಕ್ಕೆ 1,000. ಒಟ್ಟು 2,800. ನನ್ನ ನಾಲ್ಕು ದಿನಗಳನ್ನು ಬಿಟ್ಟಿ ಎಂದು ಬರೆದರೆ ಲೆಕ್ಕ ಸುಳ್ಳಾಗುತ್ತದೆ. ದಿನಕ್ಕೆ 500ರಂತೆ 2,000 ಸೇರಿಸಿದೆ. 4,800 ಆಯಿತು. ಮಣ್ಣಿನ ಗಿಲಾವನ್ನು ವರ್ಷಕ್ಕೊಮ್ಮೆ ಸವರಬೇಕು, ಅದಕ್ಕೆಂದು ಪ್ರತಿ ಬೇಸಿಗೆ ಒಂದು ದಿನ, 300 ರೂಪಾಯಿ ತೆಗೆದಿಟ್ಟಿದ್ದೇನೆ.

ಮಿರಗದ ಮಳೆ ಮೊನ್ನೆ ಜೋರಾಗಿ ಹೊಡೆಯಿತು. ಬೆಳಿಗ್ಗೆ ಅವ್ವ ಒಳಗಿನಿಂದ ಗೋಡೆಗೆ ಅಂಗೈ ಒತ್ತಿ ನೋಡಿ, “ಬೆಚ್ಚಗೈತಿ” ಅಂದಳು.